ಲಿಲಿ ಪಾರ್: ಮೈದಾನವಿಲ್ಲದ ಮೂವತ್ತು ವರ್ಷ

ಹಿಂದೂಪುರದ ಸುತ್ತಲಿನ ಬಟ್ಟೆ ಕಾರ್ಖಾನೆಗಳಿಗೆ ಹಳ್ಳಿಗಳಿಂದ ನಿತ್ಯವೂ ಹೆಣ್ಣುಮಕ್ಕಳು ದುಡಿಯಲು ಬರುತ್ತಾರೆ. ಕಲ್ಯಾಣದುರ್ಗದ ಸೀಮೆಯ ಶೇಂಗಾ ಹೊಲಗಳಲ್ಲಿ ಕಳೆ ತೆಗೆಯುವುದರಿಂದ ಕಾಯಿ ಬಿಡಿಸುವವರೆಗೆ ಹೆಂಗಸರ ಕೈಯೇ ಮುಂದು. ದುಡಿಯುವ ಹೆಣ್ಣು ಈ ಗಡಿನಾಡಿಗೆ ಹೊಸಬಳಲ್ಲ. ಆದರೆ ದುಡಿಮೆ ಮುಗಿದ ಮೇಲೆ ಊರ ಬಯಲಿಗಿಳಿದು ಚೆಂಡಾಡುವ ಹೆಣ್ಣನ್ನು ಊರು ಇನ್ನೂ ಬೆರಗಿನಿಂದಲೇ ನೋಡುತ್ತದೆ. ಹೆಣ್ಣಿನ ದುಡಿಮೆಯನ್ನು ಸಲೀಸಾಗಿ ಒಪ್ಪಿದ ಸಮಾಜ ಆಕೆಯ ಆಟವನ್ನು ಒಪ್ಪಲು ಹಿಂಜರಿಯುವುದು ಈ ಸೀಮೆಯೊಂದರ ಮಾತಲ್ಲ. ಕಾಲ್ಚೆಂಡಾಟದ ತವರೆನಿಸಿದ ಇಂಗ್ಲೆಂಡಿನಲ್ಲಿಯೂ ನೂರು ವರ್ಷಗಳ ಹಿಂದೆ ಇದೇ ನಡೆಯಿತು. ಅದಕ್ಕೆ ಲಿಲಿ ಪಾರ್ ಎಂಬ ಆಟಗಾರ್ತಿಯ ಬದುಕೇ ಸಾಕ್ಷಿ.

ಲಿಲಿ ಹುಟ್ಟಿದ್ದು 1905ರ ಏಪ್ರಿಲ್ 26ರಂದು, ಲ್ಯಾಂಕಶೈರ್ ಪ್ರಾಂತದ ಸೇಂಟ್ ಹೆಲೆನ್ಸ್ ಎಂಬ ಪಟ್ಟಣದಲ್ಲಿ. ಅದು ಗಾಜಿನ ಕಾರ್ಖಾನೆಗಳಿಗೆ ಹೆಸರಾದ ಊರು. ಆಕೆಯ ತಂದೆಯೂ ಗಾಜಿನ ಕಾರ್ಖಾನೆಯ ಕಾರ್ಮಿಕ. ಬಡ, ದೊಡ್ಡ ಕುಟುಂಬ. ಹೊಲಿಗೆ, ಅಡುಗೆಗಳಿಗಿಂತ ಅಣ್ಣಂದಿರೊಡನೆ ಬಯಲಿನಲ್ಲಿ ಕಾಲ್ಚೆಂಡು ಮತ್ತು ರಗ್ಬಿ ಆಡುವುದೇ ಹುಡುಗಿಗೆ ಪ್ರಿಯವಾಗಿತ್ತು. ಎಡಗಾಲಿನ ಹೊಡೆತದ ಬಲ ಆಕೆಗೆ ಒಲಿದದ್ದು ಆ ಬಯಲಿನಲ್ಲಿಯೇ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಇಂಗ್ಲೆಂಡಿನ ಗಂಡಸರನ್ನು ರಣರಂಗಕ್ಕೆ ಒಯ್ದಿತ್ತು. ಅವರು ಬಿಟ್ಟುಹೋದ ಯಂತ್ರಗಳ ಮುಂದೆ ಹೆಂಗಸರು ನಿಂತರು. ಪ್ರೆಸ್ಟನ್ ನಗರದ ಡಿಕ್ ಕೆರ್ ಕಂಪನಿ ಮೊದಲು ಟ್ರಾಮುಗಳನ್ನು ತಯಾರಿಸುತ್ತಿತ್ತು. ಯುದ್ಧ ಬಂದ ಮೇಲೆ ಅಲ್ಲಿ ಮದ್ದುಗುಂಡುಗಳು ತಯಾರಾದವು. ಊಟದ ಬಿಡುವಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಚೆಂಡೊದೆಯುತ್ತಿದ್ದ ಹೆಣ್ಣಾಳುಗಳಿಂದಲೇ ಅಲ್ಲೊಂದು ತಂಡ ಕಟ್ಟಿತು. 1917ರ ಕ್ರಿಸ್‌ಮಸ್ ದಿನ ಡೀಪ್‌ಡೇಲ್ ಮೈದಾನದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಅದು ಆಡಿದ ಸಹಾಯಾರ್ಥ ಪಂದ್ಯಕ್ಕೆ ಸುಮಾರು 10,000 ಜನ ನೆರೆದರು. ಕಾರ್ಖಾನೆಯ ನೌಕರನಾಗಿದ್ದ ಆಲ್ಫ್ರೆಡ್ ಫ್ರಾಂಕ್‌ಲೆಂಡ್ ಆ ತಂಡದ ವ್ಯವಸ್ಥಾಪಕನಾದನು.

ಲಿಲಿ ಮೊದಲು ಆಡಿದ್ದು ತನ್ನೂರಿನ ಮಹಿಳಾ ತಂಡಕ್ಕೆ. ಆಕೆಯ ಆಟವನ್ನು ಕಂಡ ಫ್ರಾಂಕ್‌ಲೆಂಡ್ 1920ರಲ್ಲಿ ಆಕೆಯನ್ನು ಪ್ರೆಸ್ಟನ್ನಿಗೆ ಕರೆತಂದನು. ಕಾರ್ಖಾನೆಯಲ್ಲಿ ಕೆಲಸ, ಪಂದ್ಯಕ್ಕೆ 10 ಶಿಲಿಂಗ್ ಖರ್ಚಿನ ಹಣ, ಸಹ ಆಟಗಾರ್ತಿಯೊಬ್ಬಳ ಮನೆಯಲ್ಲಿ ವಾಸ. ಆಗ ಆಕೆಗೆ ಹದಿನೈದು ತುಂಬಿತ್ತೋ ಇಲ್ಲವೋ ಎಂಬಷ್ಟು ಎಳೆಯ ವಯಸ್ಸು. ಆರು ಅಡಿಗೆ ಸಮೀಪದ ಎತ್ತರ, ಕಪ್ಪು ಕೂದಲು, ಮಿತವಾದ ಮಾತು, ಮಾತಾಡಿದರೆ ಚುರುಕಾದ ಹಾಸ್ಯ. ಮೈದಾನದ ಎಡ ಅಂಚಿನಿಂದ ಆಕೆ ತಿರುಗಿಸಿ ಕಳಿಸಿದ ಚೆಂಡು ಗೋಲಿನ ಮುಂದೆ ಸರಿಯಾಗಿ ಬಂದು ಬೀಳುತ್ತಿತ್ತು. ಮೊದಲ ಋತುವಿನಲ್ಲಿಯೇ ಆಕೆ 43 ಗೋಲುಗಳನ್ನು ಹೊಡೆದಳು.

ಅದೇ 1920ರ ಕ್ರಿಸ್‌ಮಸ್ ರಜೆಯಲ್ಲಿ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕೆರ್ ತಂಡ ಲಿಲಿಯ ಹಳೆಯ ತಂಡವಾದ ಸೇಂಟ್ ಹೆಲೆನ್ಸನ್ನು ಎದುರಿಸಿತು. ಒಳಗೆ 53,000 ಪ್ರೇಕ್ಷಕರು. ಜಾಗ ಸಿಗದೆ ಹೊರಗೇ ಉಳಿದವರು ಇನ್ನೂ ಸಾವಿರಾರು. ಡಿಕ್ ಕೆರ್ 4-0 ಗೋಲುಗಳಿಂದ ಗೆದ್ದಿತು. ಸಂಗ್ರಹವಾದ 3,000 ಪೌಂಡಿಗೂ ಮಿಕ್ಕ ಹಣ ಸೇವಾಕಾರ್ಯಕ್ಕೆ ಸಂದಿತು. ಮರುವರ್ಷ ತಂಡ ಆಡಿದ ಪಂದ್ಯಗಳ ಸಂಖ್ಯೆ 67. ಅದರಲ್ಲಿ ಫ್ರಾನ್ಸ್ ತಂಡದ ವಿರುದ್ಧದ ಒಂದು ಪಂದ್ಯವನ್ನು 5-1ರಿಂದ ಗೆದ್ದಾಗ ಐದೂ ಗೋಲುಗಳು ಲಿಲಿಯವು.

ಈ ಜನಪ್ರಿಯತೆಯೇ ಮುಳುವಾಯಿತು. ಯುದ್ಧ ಮುಗಿದಿತ್ತು, ಗಂಡಸರು ಮರಳಿದ್ದರು, ಹೆಂಗಸರು ಕಾರ್ಖಾನೆಯಿಂದ ಮನೆಗೆ ಹಿಂದಿರುಗಬೇಕೆಂಬ ಒತ್ತಡ ಬೆಳೆದಿತ್ತು. 1921ರಲ್ಲಿ ಗಣಿ ಕಾರ್ಮಿಕರ ಕುಟುಂಬಗಳು ಸಂಕಷ್ಟಕ್ಕೆ ಸಿಲುಕಿದಾಗ ಮಹಿಳಾ ತಂಡಗಳು ಅವರ ನೆರವಿಗಾಗಿಯೂ ಆಡಿದವು. ಇದು ಬಲ್ಲಿದರ ಕಣ್ಣಿಗೆ ಹಿತವೆನಿಸಲಿಲ್ಲ. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಒಂದು ನಿರ್ಣಯ ಕೈಗೊಂಡಿತು. ಕಾಲ್ಚೆಂಡಾಟ ಹೆಣ್ಣಿಗೆ ಒಪ್ಪತಕ್ಕದ್ದಲ್ಲವೆಂಬುದು ಅದರ ಮೊದಲ ಆಕ್ಷೇಪ. ಸಂಗ್ರಹದ ಹಣದಲ್ಲಿ ಹೆಚ್ಚು ಪಾಲು ಖರ್ಚಿಗೇ ಹೋಗುತ್ತಿದೆಯೆಂಬುದು ಎರಡನೆಯದು. ತನ್ನ ಸದಸ್ಯ ಕ್ಲಬ್ಬುಗಳಾವುವೂ ಮಹಿಳೆಯರ ಪಂದ್ಯಕ್ಕೆ ಮೈದಾನ ಕೊಡಕೂಡದೆಂದು ಸಂಘ ಸೂಚಿಸಿತು. ಆಡಬಾರದೆಂದು ಯಾರನ್ನೂ ಶಿಕ್ಷಿಸಲಿಲ್ಲ. ಆಡುವ ನೆಲವನ್ನು ಮಾತ್ರ ಕಿತ್ತುಕೊಂಡಿತು. ಲಿಲಿಗೆ ಆಗ ಹದಿನಾರು ವರ್ಷ.

ಆಟದ ಕೀರ್ತಿಗಾಗಿಯೇ ಆಡುವವಳಾಗಿದ್ದರೆ ಆಕೆಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. 1922ರಲ್ಲಿ ತಂಡ ಹಡಗೇರಿ ಕಡಲಾಚೆಗೆ ಹೊರಟಿತು. ಕೆನಡಾದಲ್ಲಿಯೂ ಬಾಗಿಲು ಮುಚ್ಚಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಎದುರಾಳಿಗಳಾಗಿ ನಿಂತವು ಗಂಡಸರ ತಂಡಗಳು. ಹಿಂಜರಿಯದೆ ಆಡಿದ 9 ಪಂದ್ಯಗಳಲ್ಲಿ 3 ಗೆಲುವು, 3 ಸಮ, 3 ಸೋಲು. ತಾಯ್ನಾಡಿಗೆ ಮರಳಿದ ಮೇಲೆ ಕಾದಿದ್ದವು ಉದ್ಯಾನಗಳು, ಊರಹೊರಗಿನ ಬಯಲುಗಳು. 1926ರಲ್ಲಿ ಕಂಪನಿಯ ನಂಟೂ ಕಡಿದು ತಂಡ ಪ್ರೆಸ್ಟನ್ ಲೇಡೀಸ್ ಎಂಬ ಹೆಸರು ತಳೆಯಿತು. ಲಿಲಿ ವಿಟಿಂಗ್‌ಹ್ಯಾಮ್ ಮಾನಸಿಕ ಚಿಕಿತ್ಸಾಲಯದಲ್ಲಿ ಶುಶ್ರೂಷಕಿಯಾಗಿ ಸೇರಿದಳು. ಆಸ್ಪತ್ರೆಯ ದುಡಿಮೆ, ಬಿಡುವಿನಲ್ಲಿ ಚೆಂಡು, ಹೀಗೆ ವರ್ಷಗಳು ಉರುಳಿದವು. ಅಲ್ಲಿಯೇ ಪರಿಚಯವಾದ ಮೇರಿ ಎಂಬಾಕೆ ಆಕೆಯ ಬಾಳಸಂಗಾತಿಯಾದಳು. ಮತ್ತೊಂದು ಮಹಾಯುದ್ಧ ಬಂದುಹೋಯಿತು. 1946ರಲ್ಲಿ ಲಿಲಿ ತಂಡದ ನಾಯಕಿಯಾದಳು. ಆಕೆ ಆಟದಿಂದ ನಿವೃತ್ತಳಾದದ್ದು 1951ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ.

ಆಕೆ ಹೊಡೆದ ಗೋಲುಗಳು ಸಾವಿರದ ಸಮೀಪವೆಂದು ಹೇಳುವುದುಂಟು. ಅದಕ್ಕೆ ಸಂಘದ ದಫ್ತರದ ಬೆಂಬಲವಿಲ್ಲ. ಮನ್ನಣೆಯಿಲ್ಲದ ಪಂದ್ಯಗಳ ಲೆಕ್ಕವನ್ನು ಸಂಘವೇಕೆ ಇಟ್ಟೀತು? ನಿಷೇಧದ ನಿಜವಾದ ನಷ್ಟ ಇರುವುದು ಇಲ್ಲಿಯೇ. ಲಿಲಿ ಆಡುವುದನ್ನು ಬಿಡಲಿಲ್ಲವೆಂಬುದು ಆಕೆಯ ಹಿರಿಮೆ. ಆದರೆ 53,000 ಕಣ್ಣುಗಳ ಮುಂದೆ ಅರಳಬೇಕಾಗಿದ್ದ ಆಟ ಕೆಲವೇ ಜನರ ನೆನಪಿನಲ್ಲಿ ಉಳಿದು ಕರಗಿತು. ಆಕೆಯ ನಂತರ ಬರಬಹುದಾಗಿದ್ದ ಎಷ್ಟೋ ಹುಡುಗಿಯರು ಬರಲೇ ಇಲ್ಲ. ಆಕೆಯ ದೃಢತೆಯನ್ನು ಹೊಗಳುವ ಭರದಲ್ಲಿ ಆ ಅನ್ಯಾಯವನ್ನು ಹಗುರಗೊಳಿಸಲಾಗದು.

ಸಂಘ ನಿಷೇಧವನ್ನು ತೆಗೆದದ್ದು 1971ರಲ್ಲಿ. ಅಷ್ಟು ಹೊತ್ತಿಗೆ ಲಿಲಿ ಅರುವತ್ತರ ಗಡಿ ದಾಟಿ ಕ್ಯಾನ್ಸರ್ ವ್ಯಾಧಿಯನ್ನೂ ಎದುರಿಸಿದ್ದಳು. ಬಾಗಿಲು ಮತ್ತೆ ತೆರೆದುದನ್ನು ಕಂಡೇ ಆಕೆ 1978ರ ಮೇ 24ರಂದು ಕಣ್ಮುಚ್ಚಿದಳು. ದೇಹ ಹುಟ್ಟೂರಿನ ಮಣ್ಣು ಸೇರಿತು. 2002ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಸಂಗ್ರಹಾಲಯದ ಕೀರ್ತಿಶಾಲಿಗಳ ಪಟ್ಟಿಗೆ ಸೇರಿದ ಮೊದಲ ಮಹಿಳೆ ಆಕೆ. 2019ರಲ್ಲಿ ಮ್ಯಾಂಚೆಸ್ಟರಿನ ಆ ಸಂಗ್ರಹಾಲಯದಲ್ಲಿ ಆಕೆಯ ಪ್ರತಿಮೆ ನಿಂತಿತು. ಗುಡಿಸನ್ ಪಾರ್ಕಿನಲ್ಲಿ ನೆರೆದ ಜನಸಂಖ್ಯೆಯನ್ನು ಮಹಿಳಾ ಕ್ಲಬ್ ಪಂದ್ಯವೊಂದು ಮೀರಿಸಿದ್ದೂ ಅದೇ 2019ರಲ್ಲಿ, ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ. ನಡುವೆ ಸುಮಾರು ಒಂದು ಶತಮಾನವೇ ಕಳೆದಿತ್ತು.

ಅದೇ ಸ್ಪೇನಿನಿಂದ ಬಂದು 1969ರಲ್ಲಿ ಅನಂತಪುರದಲ್ಲಿ ನೆಲೆಸಿದ ವಿನ್ಸೆಂಟ್ ಫೆರರ್ ಸ್ಥಾಪಿಸಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಕಲ್ಯಾಣದುರ್ಗದವರಿಗೆ ತಮ್ಮೂರಿನ ಆಸ್ಪತ್ರೆಯಿಂದ ಪರಿಚಿತ. ಆ ಸಂಸ್ಥೆಯ ಅನಂತಪುರದ ಕ್ರೀಡಾಗ್ರಾಮದಲ್ಲಿ ಹಳ್ಳಿಗಾಡಿನ ಹೆಣ್ಣುಮಕ್ಕಳು ಕಾಲ್ಚೆಂಡು ಕಲಿತಿದ್ದಾರೆ. ಅವರಲ್ಲಿ ಎಷ್ಟು ಜನ ಲಿಲಿಯಂತೆ ಹೆಸರು ಪಡೆದಾರೆಂಬುದು ಮುಖ್ಯವಲ್ಲ. ಸಂಜೆಯ ಬಿಡುವಿನಲ್ಲಿ ಆಡಲು ಅವರಿಗೊಂದು ಮೈದಾನವಿರಬೇಕು. ಆಡಿದ್ದನ್ನು ಬರೆದಿಡುವವರೂ ಇರಬೇಕು. ಲಿಲಿ ಪಾರ್ ಮೂವತ್ತು ವರ್ಷ ಇವೆರಡೂ ಇಲ್ಲದೆ ಆಡಿದಳು.