ತಾಯಿಯ ತೋಳಿನ ಪಾಠಶಾಲೆ

ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸುವುದೇ ಅಪರಾಧವೆನಿಸಿದ್ದ ಕಾಲದಲ್ಲಿ ಅನಂತಶಾಸ್ತ್ರಿ ಡೋಂಗರೆಯವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದರು. ಉಡುಪಿಯ ಪಂಡಿತಸಭೆಯು ಕರೆಯಿಸಿ ವಿಚಾರಿಸಲು, ಶಾಸ್ತ್ರಾಧಾರದಿಂದಲೇ ಉತ್ತರವಿತ್ತರು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಮಗಳು ರಮಾಬಾಯಿಯು ಬೆತ್ತದ ಬುಟ್ಟಿಯಲ್ಲಿ ಘಟ್ಟವಿಳಿದಳು. ಸಂಸಾರವು ತೀರ್ಥಯಾತ್ರೆಯಲ್ಲಿಯೇ ಅಲೆಯಿತು. ತಂದೆಗೆ ವೃದ್ಧಾಪ್ಯ, ಆದುದರಿಂದ ಮಗಳ ಎಂಟನೆಯ ವಯಸ್ಸಿನಿಂದ ಪಾಠದ ಹೊಣೆಯು ತಾಯಿಯದಾಯಿತು. ಹಗಲೆಲ್ಲ ಮನೆಗೆಲಸವಿದ್ದುದರಿಂದ, ಆಕೆ ಬೆಳಕು ಹರಿಯುವ ಮುನ್ನವೇ ಮಗುವನ್ನು ಮುದ್ದಿಸಿ ಎಬ್ಬಿಸಿ, ತೋಳಿನಲ್ಲಿಟ್ಟುಕೊಂಡು, ಹಕ್ಕಿಗಳ ಕಲರವದ ನಡುವೆ ಬಾಯಿಪಾಠ ಮಾಡಿಸುತ್ತಿದ್ದರು. ಹಾಜರಿಪುಸ್ತಕವಿಲ್ಲದ ಈ ಶಾಲೆಯನ್ನು ಯಾವ ಇನ್ಸ್‌ಪೆಕ್ಟರರೂ ತನಿಖೆ ಮಾಡಲಿಲ್ಲವೆಂಬುದನ್ನು ನಾವು ಬಲ್ಲೆವು. ಪರೀಕ್ಷೆ ನಡೆದುದು 1878ರಲ್ಲಿ, ಕಲಕತ್ತೆಯಲ್ಲಿ. ಅಲ್ಲಿಯ ವಿದ್ವಾಂಸರು ರಮಾಬಾಯಿಯವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಕಲಿಸಿದ ತಾಯಿ ಅದಕ್ಕೆ ಮುನ್ನವೇ, ಮದರಾಸು ಪ್ರಾಂತದ ಕ್ಷಾಮದಲ್ಲಿ, ಅನ್ನವಿಲ್ಲದೆ ಅಸುನೀಗಿದ್ದರು.