ಸ್ಪೇನಿನ ರಾಜನಿಗೆ ಮಾಟ ತಗುಲಿತ್ತೇ? ಮುಂದೆ ಚಾಚಿದ ದವಡೆಯ ನಿಜ ಕಥೆ

ಉದ್ದ ಮುಖ, ಮುಂದಕ್ಕೆ ಚಾಚಿದ ಗದ್ದ, ಭುಜದವರೆಗೆ ಇಳಿದ ಕೂದಲು. ‘ಶಾಪಗ್ರಸ್ತ ರಾಜ’ ಎಂಬ ತಲೆಬರಹದ ಈ ಚಿತ್ರ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅವನು ಸ್ಪೇನಿನ ಎರಡನೇ ಕಾರ್ಲೋಸ್. ಅವನಿಗಿದ್ದದ್ದು ಶಾಪವಲ್ಲ, ದವಡೆ ಮೂಳೆಯ ತೊಂದರೆ. ಜೊತೆಗೆ ಇನ್ನೂ ಹಲವು ಕಾಯಿಲೆ.

ಕಾರ್ಲೋಸ್ ಹುಟ್ಟಿದ್ದು 1661ರ ನವೆಂಬರ್ 6ರಂದು, ಮ್ಯಾಡ್ರಿಡ್‌ನಲ್ಲಿ. ಅಪ್ಪ ನಾಲ್ಕನೇ ಫಿಲಿಪ್. ಅಮ್ಮ ಮರಿಯಾನಾ, ಅದೇ ಫಿಲಿಪ್‌ನ ತಂಗಿಯ ಮಗಳು. ಅವಳನ್ನು ಮೊದಲು ಗೊತ್ತುಮಾಡಿದ್ದು ಫಿಲಿಪ್‌ನ ಮಗನಿಗೆ. ಆ ಹುಡುಗ 1646ರಲ್ಲಿ ತೀರಿಕೊಂಡ ಮೇಲೆ ಸೋದರಮಾವನೇ ಕೈಹಿಡಿದ. ಇಂಥ ಮದುವೆ ನಮ್ಮ ಕಡೆಗೂ ಹೊಸದಲ್ಲ. ಆದರೆ ಹ್ಯಾಬ್ಸ್‌ಬರ್ಗ್ ಮನೆತನ ರಾಜ್ಯ ಕೈತಪ್ಪಬಾರದೆಂದು ತಲೆಮಾರುಗಟ್ಟಲೆ ಇದನ್ನೇ ಮಾಡಿತು. 2009ರಲ್ಲಿ ವಿಜ್ಞಾನಿಗಳು ವಂಶಾವಳಿ ಹಿಡಿದು ಲೆಕ್ಕ ಹಾಕಿದಾಗ, ಕಾರ್ಲೋಸ್‌ನ ರಕ್ತಸಂಬಂಧ ಒಡಹುಟ್ಟಿದವರಿಬ್ಬರಿಗೆ ಹುಟ್ಟಿದ ಮಗುವಿನಷ್ಟೇ ಗಾಢವಾಗಿತ್ತು.

ಮಗು ನಡೆಯಲು, ಮಾತಾಡಲು ತಡವಾಯಿತು. ನಾಲ್ಕು ತುಂಬುವ ಮೊದಲೇ ಅಪ್ಪ ಸತ್ತು, ಹುಡುಗ ರಾಜನಾದ. ದೊಡ್ಡವನಾದ ಮೇಲೂ ಆಹಾರ ಸರಿಯಾಗಿ ಅಗಿಯಲು ಆಗುತ್ತಿರಲಿಲ್ಲ, ಮಾತು ಸ್ಪಷ್ಟವಿರಲಿಲ್ಲ.

ಕಾರಣ ಕೆಳದವಡೆ ಮಾತ್ರವಲ್ಲ. 2019ರಲ್ಲಿ ಹತ್ತು ಮಂದಿ ದವಡೆ ಶಸ್ತ್ರಚಿಕಿತ್ಸಕರು ಈ ಮನೆತನದ 66 ಚಿತ್ರಗಳನ್ನು ಪರೀಕ್ಷಿಸಿದರು. ಕಾರ್ಲೋಸ್‌ನ ಮೇಲ್ದವಡೆಯೂ ಹಿಂದೆ ಉಳಿದಿತ್ತು. ಮೇಲಿನದು ಹಿಂದೆ, ಕೆಳಗಿನದು ಮುಂದೆ ಇದ್ದರೆ ಹಲ್ಲುಗಳು ಸರಿಯಾಗಿ ಕೂಡುವುದಾದರೂ ಹೇಗೆ? (ಹಾಗಂತ ಗದ್ದ ಮುಂದಿರುವವರೆಲ್ಲ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲ. ಹೊರಗಿನ ಸಂಬಂಧದಲ್ಲೂ ಇದು ಬರುತ್ತದೆ.)

ಇವತ್ತಾಗಿದ್ದರೆ ಬೆಳವಣಿಗೆ ನಿಲ್ಲುವ ತನಕ, ಅಂದರೆ ಸುಮಾರು 18ರವರೆಗೆ ವೈದ್ಯರು ಕಾಯುತ್ತಿದ್ದರು. ಆಮೇಲೆ ಒಂದು ವರ್ಷವೋ ಒಂದೂವರೆ ವರ್ಷವೋ ಹಲ್ಲಿಗೆ ಕ್ಲಿಪ್. ಈ ಹಂತದಲ್ಲಿ ಮುಖ ಇನ್ನೂ ಕೆಟ್ಟಂತೆ ಕಾಣಬಹುದು. ಅನೇಕರು ಹೆದರಿ ಬಿಟ್ಟುಬಿಡುವುದು ಇಲ್ಲೇ. ಆದರೆ ಓರೆಯಾಗಿ ಬೆಳೆದ ಹಲ್ಲು ಮೊದಲು ನೆಟ್ಟಗಾದರೆ ದವಡೆಯನ್ನು ಸರಿಯಾದ ಜಾಗಕ್ಕೆ ತರುವುದು ಸಾಮಾನ್ಯವಾಗಿ ಸುಲಭ. ನಂತರ ಪೂರ್ತಿ ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ ಬಾಯಿಯ ಒಳಗಿನಿಂದಲೇ ಮೂಳೆ ಕತ್ತರಿಸಿ, ಸರಿಸಿ, ಟೈಟಾನಿಯಂ ಪ್ಲೇಟ್ ಹಾಕುತ್ತಾರೆ. ಮುಖದ ಮೇಲೆ ಗಾಯದ ಗುರುತು ಇರುವುದಿಲ್ಲ. ಕೆಲವು ವಾರ ಗಂಜಿ, ಜ್ಯೂಸ್, ಮೆತ್ತಗಿನ ಊಟ. ಮತ್ತೆ ಕೆಲವು ತಿಂಗಳು ಕ್ಲಿಪ್. ಕೆಳತುಟಿ ಜೋಮು ಹಿಡಿಯುವುದುಂಟು, ಕೆಲವರಿಗೆ ಅದು ಪೂರ್ತಿ ಹೋಗದು. ಇದು ಬರೀ ಅಂದಕ್ಕಾಗಿ ಮಾಡುವ ಆಪರೇಷನ್ ಎನ್ನುವವರಿಗೆ ಕಾರ್ಲೋಸ್‌ನ ಊಟದ ತಟ್ಟೆ ನೆನಪಿಸಿ.

ಅವನ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ. ಮಾಟವೇ ಕಾರಣವೆಂದು ಜನ ನಂಬಿದರು, ರಾಜನೂ ನಂಬಿದ. ಕೊನೆಯ ವರ್ಷಗಳಲ್ಲಿ ಪಾದ್ರಿಗಳಿಂದ ದೆವ್ವ ಬಿಡಿಸುವ ಶಾಸ್ತ್ರಗಳೂ ನಡೆದವು. ದವಡೆ ಸರಿಯಾಗಿದ್ದರೂ ಅವನ ಉಳಿದ ಕಾಯಿಲೆಗಳು ಹೋಗುತ್ತಿರಲಿಲ್ಲ, ನಿಜ. ಆದರೆ ಒಂದು ತುತ್ತು ನೆಮ್ಮದಿಯಾಗಿ ಅಗಿಯಬಹುದಿತ್ತು.

ಶವಪರೀಕ್ಷೆಯಲ್ಲಿ ಮೆಣಸಿನ ಕಾಳಿನಷ್ಟು ಹೃದಯ ಸಿಕ್ಕಿತು, ದೇಹದಲ್ಲಿ ಒಂದು ಹನಿ ರಕ್ತವೂ ಇರಲಿಲ್ಲ ಎಂಬ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ. ಅಂಥ ಹೃದಯ ಇಟ್ಟುಕೊಂಡು ಯಾರೂ 38 ವರ್ಷ ಬದುಕಲಾರರು. ಕಾರ್ಲೋಸ್ ಸತ್ತದ್ದು 1700ರ ನವೆಂಬರ್ 1ರಂದು. 39 ತುಂಬಲು ಐದು ದಿನ ಬಾಕಿ ಇತ್ತು.