ಹಳೆಯ ಅಗ್ಗಿಷ್ಟಿಕೆಗೆ ಒಂದಷ್ಟು ಇಟ್ಟಿಗೆ: ಕೌಂಟ್ ರಮ್‌ಫರ್ಡ್ ಸೌದೆ ಖರ್ಚು ಇಳಿಸಿದ ಕಥೆ

ಬೆಂಕಿ ದೊಡ್ಡದಾದಷ್ಟೂ ಮನೆ ಬೆಚ್ಚಗಾಗುತ್ತದೆ, ಚಿಮಣಿ ಅಗಲವಾದಷ್ಟೂ ಹೊಗೆ ಬೇಗ ಹೊರಗೆ ಹೋಗುತ್ತದೆ. ಕೇಳಲು ಸರಿ ಎನಿಸುವ ಈ ಎರಡು ಮಾತುಗಳೂ ತಪ್ಪು ಎಂದು 18ನೇ ಶತಮಾನದ ಕೊನೆಯಲ್ಲಿ ಒಬ್ಬಾತ ಮಾಡಿ ತೋರಿಸಿದ. ಅವನೇ ಕೌಂಟ್ ರಮ್‌ಫರ್ಡ್. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ, ಫಿರಂಗಿ ಕೊರೆಯುವಾಗ ಹುಟ್ಟುವ ಶಾಖವನ್ನು ಗಮನಿಸಿದವನಾಗಿ ಈ ಹೆಸರು ನೆನಪಿರಬಹುದು.

ಈತನ ನಿಜವಾದ ಹೆಸರು ಬೆಂಜಮಿನ್ ಥಾಮ್ಸನ್. 1753ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಬರ್ನ್ ಎಂಬ ಊರಿನಲ್ಲಿ ಹುಟ್ಟಿದ. ಹತ್ತೊಂಬತ್ತರ ವಯಸ್ಸಿಗೆ ತನಗಿಂತ ಹಿರಿಯಳಾದ, ಆಸ್ತಿವಂತ ವಿಧವೆಯನ್ನು ಮದುವೆಯಾದ. ಅಮೆರಿಕದ ಸ್ವಾತಂತ್ರ್ಯ ಹೋರಾಟ ಶುರುವಾದಾಗ ಬ್ರಿಟಿಷರ ಪರ ಗುಟ್ಟಾಗಿ ಸುದ್ದಿ ಸಾಗಿಸಿದ. 1776ರಲ್ಲಿ ಹೆಂಡತಿ, ಮಗಳನ್ನು ಅಲ್ಲೇ ಬಿಟ್ಟು ಇಂಗ್ಲೆಂಡಿಗೆ ಹೋದ. ದೊಡ್ಡ ವಿಜ್ಞಾನಿ ಎಂದ ಮಾತ್ರಕ್ಕೆ ಈತನನ್ನು ದೊಡ್ಡ ಮನುಷ್ಯ ಎಂದು ಬರೆಯಲು ನಮಗೆ ಮನಸ್ಸಿಲ್ಲ.

ಮುಂದೆ ಬವೇರಿಯಾದ ಅರಸನ ಬಳಿ ಕೆಲಸಕ್ಕೆ ಸೇರಿದ. 1790ರ ಜನವರಿ 1ರಂದು ಮ್ಯೂನಿಕ್‌ನ ಭಿಕ್ಷುಕರನ್ನೆಲ್ಲ ಹಿಡಿಸಿ, ಸೈನ್ಯಕ್ಕೆ ಬಟ್ಟೆ ತಯಾರಿಸುವ ಕಾರ್ಖಾನೆಗೆ ಸೇರಿಸಿದ. ಅಷ್ಟು ಜನರಿಗೆ ಅಡುಗೆಯಾಗಬೇಕು, ಉರುವಲು ಮಾತ್ರ ಕಡಿಮೆ ಸುಡಬೇಕು. ಆಗ ಈತನ ತಲೆಗೆ ಹತ್ತಿದ ಪ್ರಶ್ನೆ ಒಂದೇ: ಸುಟ್ಟ ಸೌದೆಯ ಶಾಖ ಎಲ್ಲಿಗೆ ಹೋಗುತ್ತದೆ? ತೆರೆದ ಬೆಂಕಿಯ ಬದಲು ಸುತ್ತ ಇಟ್ಟಿಗೆ ಕಟ್ಟಿದ, ಗಾಳಿಯನ್ನು ಹಿಡಿತದಲ್ಲಿಡಬಹುದಾದ ಒಲೆಗಳನ್ನು ಮಾಡಿಸಿದ. 1791ರ ಸುಮಾರಿಗೆ ಕೌಂಟ್ ಪದವಿ ಬಂದಾಗ, ಹೆಂಡತಿಯ ಊರಿನ ಹಳೆಯ ಹೆಸರಾದ ರಮ್‌ಫರ್ಡ್ ಅನ್ನೇ ಬಿರುದಿಗೆ ಆರಿಸಿಕೊಂಡ. ಬಿಟ್ಟುಬಂದ ಹೆಂಡತಿಯ ಊರು!

1795ರಲ್ಲಿ ಲಂಡನ್ನಿಗೆ ಬಂದಾಗ ಅಲ್ಲಿನ ಮನೆಗಳಲ್ಲಿ ಹೊಗೆಯೋ ಹೊಗೆ. ಅಗ್ಗಿಷ್ಟಿಕೆಯ ಮೇಲಿನ ಚಿಮಣಿಯ ಬಾಯಿ ತೀರಾ ಅಗಲ. ಅಷ್ಟು ಅಗಲದ ದಾರಿಯಲ್ಲಿ ಹೊಗೆಯ ಜತೆಗೆ ಕೋಣೆಯ ಬೆಚ್ಚಗಿನ ಗಾಳಿಯೂ ಮೇಲೇರಿ ಹೋಗುತ್ತಿತ್ತು. ಆ ಜಾಗ ತುಂಬಲು ಬಾಗಿಲು, ಕಿಟಕಿಯ ಸಂದಿಗಳಿಂದ ತಣ್ಣನೆಯ ಗಾಳಿ ಒಳಗೆ ನುಗ್ಗುತ್ತಿತ್ತು. ಬೆಂಕಿಯ ಮುಂದೆ ಕುಳಿತವರಿಗೆ ಮುಖ ಸುಡುತ್ತಿತ್ತು, ಬೆನ್ನು ನಡುಗುತ್ತಿತ್ತು. ಇನ್ನಷ್ಟು ಕಲ್ಲಿದ್ದಲು ಹಾಕಿದರೆ ಇನ್ನಷ್ಟು ಗಾಳಿ ಮೇಲೆ ಹೋಗುತ್ತಿತ್ತು, ಅಷ್ಟೆ.

ರಮ್‌ಫರ್ಡ್ ಯಾರಿಗೂ ಹೊಸ ಅಗ್ಗಿಷ್ಟಿಕೆ ಕೊಳ್ಳಲು ಹೇಳಲಿಲ್ಲ. ಇದ್ದದ್ದರೊಳಗೇ ಇಟ್ಟಿಗೆ ಕಟ್ಟಿಸಿ ಚಿಮಣಿಯ ಬಾಯಿಯ ಆಳವನ್ನು ಸುಮಾರು 4 ಇಂಚಿಗೆ ಇಳಿಸಿದ. ದಾರಿ ಕಿರಿದಾದಾಗ ಬಿಸಿ ಹೊಗೆ ತಣ್ಣನೆಯ ಗಾಳಿಯೊಂದಿಗೆ ಬೆರೆಯದೆ ರಭಸವಾಗಿ ಮೇಲೇರುತ್ತದೆ. ಹಿಂದಿನ ಗೋಡೆಯನ್ನು ಮುಂದಕ್ಕೆ ತಂದು, ಅದರ ಅಗಲವನ್ನು ಮುಂದಿನ ತೆರಪಿನ ಮೂರನೇ ಒಂದರಷ್ಟು ಮಾಡಿದ. ಪಕ್ಕದ ಗೋಡೆಗಳನ್ನು ಓರೆಯಾಗಿಸಿ ಸುಣ್ಣ ಬಳಿಸಿದ. ತೆರೆದ ಬೆಂಕಿ ಕೋಣೆಯನ್ನು ಬೆಚ್ಚಗಿಡುವುದು ಮುಖ್ಯವಾಗಿ ಬಿಸಿಲಿನಂತೆ ನೇರವಾಗಿ ಬಂದು ತಾಗುವ ಕಾವಿನಿಂದ. ಓರೆ ಗೋಡೆಗಳು ಆ ಕಾವನ್ನು ಕೋಣೆಯ ಕಡೆಗೆ ತಿರುಗಿಸಿದವು. ಚಿಮಣಿ ಗುಡಿಸುವವರಿಗೆ ಅಡ್ಡಿಯಾಗದಂತೆ, ಬೇಕಾದಾಗ ತೆಗೆದು ಮತ್ತೆ ಇಡಬಹುದಾದ ಒಂದು ಕಲ್ಲನ್ನೂ ಇರಿಸಿದ. ಗಾರೆಯವನಿಗೆ ಕೆಲವು ಗಂಟೆಗಳ ಕೆಲಸ. ಪೇಟೆಂಟ್ ಪಡೆಯದೆ, ಅಳತೆಗಳನ್ನೆಲ್ಲ 1796ರಲ್ಲಿ ಅಚ್ಚು ಹಾಕಿಸಿದ. ಜೇನ್ ಆಸ್ಟಿನ್‌ಳ ಕಾದಂಬರಿ ನಾರ್ಥ್ಯಾಂಗರ್ ಅಬ್ಬಿಯಲ್ಲೂ ಈ ಬಗೆಯ ಅಗ್ಗಿಷ್ಟಿಕೆ ಬರುತ್ತದೆ. ಅಷ್ಟರಮಟ್ಟಿಗೆ ಅದು ಮನೆಮಾತಾಗಿತ್ತು.

ಇದನ್ನು ಓದಿ ನಿಮ್ಮ ಗ್ಯಾಸ್ ಗೀಸರಿನ ಹೊಗೆಕೊಳವೆಯನ್ನೋ ಬಚ್ಚಲುಮನೆಯ ಗಾಳಿಕಿಂಡಿಯನ್ನೋ ಕಿರಿದು ಮಾಡಲು ಹೋಗಬೇಡಿ. ಗಾಳಿ ಸಾಲದಿದ್ದರೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಈ ಲೇಖನ ಫಾರ್ವರ್ಡ್ ಮಾಡುವುದಾದರೆ ಈ ಸಾಲುಗಳನ್ನು ಬಿಡದೆ ಮಾಡಿ.

ರಮ್‌ಫರ್ಡ್ ಕೇಳಿದ ಪ್ರಶ್ನೆ ಬ್ರಿಟನ್ನಿನ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಇಂಗ್ಲೆಂಡಿನಲ್ಲಿ 2005ರಿಂದ ಹಳೆಯ ಗ್ಯಾಸ್ ಬಾಯ್ಲರ್ ಬದಲಿಸುವವರು ಸಾಮಾನ್ಯವಾಗಿ ಕಂಡೆನ್ಸಿಂಗ್ ಬಾಯ್ಲರನ್ನೇ ಹಾಕಿಸಬೇಕು. ಹೊಗೆಯಲ್ಲಿ ಹೋಗುವ ಆವಿಯನ್ನು ತಣಿಸಿ ನೀರಾಗಿಸಿ, ಅದರ ಶಾಖವನ್ನೂ ಮನೆಗೆ ತರುವುದು ಅದರ ಕೆಲಸ. ಆದರೆ ಮನೆಯೆಲ್ಲ ಸುತ್ತಿ ಬಾಯ್ಲರಿಗೆ ಮರಳುವ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿದ್ದರೆ ಆವಿ ತಣಿಯುವುದೇ ಇಲ್ಲ. ದುಬಾರಿ ಬಾಯ್ಲರ್ ತಂದು ಉಷ್ಣತೆಯನ್ನು ಮೇಲಕ್ಕೇ ಇಟ್ಟರೆ ಉಳಿತಾಯದ ಬಹುಪಾಲು ಚಿಮಣಿಯಲ್ಲೇ ಹೋಗುತ್ತದೆ. ಗುಂಡಿ ತಿರುಗಿಸಿ ಇಳಿಸಲು ಖರ್ಚೇನೂ ಇಲ್ಲ. ನಮ್ಮ ಓದುಗರ ಮಕ್ಕಳು ಅಲ್ಲಿದ್ದರೆ ಕಳಿಸಿಕೊಡಿ.

1798ರಲ್ಲಿ ರಮ್‌ಫರ್ಡ್ ಫಿರಂಗಿ ಪ್ರಯೋಗದ ವರದಿ ಮಂಡಿಸಿದ. ಮೊಂಡಾದ ಕೊರೆಯುಳಿಯನ್ನು ಕುದುರೆಯ ಬಲದಿಂದ ತಿರುಗಿಸಿದಾಗ, ಬೆಂಕಿಯೇ ಇಲ್ಲದೆ ಸುಮಾರು ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು. ಶಾಖ ಎಂಬುದು ವಸ್ತುವಿನೊಳಗೆ ತುಂಬಿಕೊಂಡ ದ್ರವವಲ್ಲ, ಒಂದು ಬಗೆಯ ಚಲನೆ ಎಂದ. ಮರುವರ್ಷ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಶುರುವಾಗಲು ಮುಖ್ಯ ಕಾರಣನೂ ಈತನೇ.

ನಂತರ ಪ್ಯಾರಿಸ್ ಸೇರಿ, ರಸಾಯನ ವಿಜ್ಞಾನಿ ಲವಾಸಿಯೆಯ ವಿಧವೆ ಮರಿ ಆನ್ನಳನ್ನು ಮದುವೆಯಾದ. ಶಾಖ ಒಂದು ದ್ರವ ಎಂದಿದ್ದವನು ಅದೇ ಲವಾಸಿಯೆ. ಈ ಮದುವೆ ನಾಲ್ಕೈದು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. ಜಗಳದ ಸಿಟ್ಟಿನಲ್ಲಿ ಆಕೆ ತನ್ನ ಹೂಗಿಡಗಳಿಗೆ ಕುದಿಯುವ ನೀರು ಸುರಿದಳೆಂದು ಆತ ಮಗಳಿಗೆ ಪತ್ರ ಬರೆದಿದ್ದ. 1814ರ ಆಗಸ್ಟ್‌ನಲ್ಲಿ ಪ್ಯಾರಿಸ್ ಬಳಿಯ ಓತ್ಯೂಯ್‌ನಲ್ಲಿ ತೀರಿಕೊಂಡ.